ಬಾಗಿಲಿನಿಂದಲೇ ತಿರುಗಿ ಹೋದವರಿಗೆ, ಒಳಗೆ ಕೂತ ಚಿಗವ್ವಗೆ

ಶಿವರಾತ್ರಿಯ ಮರುದಿನ ಹುಬ್ಬಳ್ಳಿಯ ಸಿದ್ಧಾರೂಢರ ತೇರು ನೋಡಿ ಬಂದೆ. ಮಂದಿಯೊಳಗೆ ಹೋಗಲು ಅಡ್ಡಿಯಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ನಾನು ಹೋದ ಮೊದಲ ಜಾಗ ಅದು. ಮಾಸ್ಕ್ ಹಾಕಿಕೊಂಡು ಗದ್ದಲದಿಂದ ದೂರವೇ ನಿಂತಿದ್ದೆ. ತೇರಿಗೆ ಎಸೆದ ಉತ್ತತ್ತಿಯೊಂದು ಹಾದಿ ತಪ್ಪಿ ಬಂದು ಎದೆಗೆ ಬಡಿಯಿತು. ಬಡಿದದ್ದು ಗೊತ್ತಾಯಿತು. ಕಸಿ ಮಾಡಿದ ಚರ್ಮಕ್ಕೆ ಅಷ್ಟರಮಟ್ಟಿಗೆ ಜೀವ ಬಂದಿದೆ. ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ.

ನನ್ನ ಮೈ ಸುಟ್ಟದ್ದು ಹೇಗೆ ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ನೋಡಲು ಬಂದು ವಾರ್ಡಿನ ಬಾಗಿಲಿನಿಂದಲೇ ತಿರುಗಿ ಹೋದವರಿಗೆ ಮೊದಲು ಕೈ ಮುಗಿಯುತ್ತೇನೆ. ನಮ್ಮ ಕಡೆ ಬ್ಯಾನಿ ಬಿದ್ದವರ ಮಾರಿ ನೋಡದೆ ಹೋಗುವುದೆಂದರೆ ಮನಸ್ಸಿಗೆ ಹತ್ತುವ ಮಾತು. ಹೂವು, ಹಣ್ಣು, ವಿಭೂತಿ ಹಿಡಿದು ನವಲಗುಂದದಿಂದ ಬಸ್ಸಿಗೆ ಬಂದವರನ್ನೂ ಒಳಗೆ ಬಿಡಲಿಲ್ಲ. ಕೆಲವರು ಸಿಟ್ಟಾದಿರಿ ಅಂತ ಆಮೇಲೆ ಕೇಳಿದೆ. ಚರ್ಮ ಸುಟ್ಟರೆ ಹೊಲದ ಬೇಲಿ ಹೋದಂತೆ ಅಂತ ಅಷ್ಟೇ ನಾನೂ ತಿಳಿದಿದ್ದೆ. ಒಳಗಿನ ಕಾವಲೂ ಸೋತಿರುತ್ತದೆ ಅನ್ನುವುದು ಆಮೇಲೆ ತಿಳಿಯಿತು. ರಕ್ತದಲ್ಲಿ ಬಿಳಿ ಕಣಗಳು ಇದ್ದರೂ ರೋಗಾಣುವನ್ನು ಹುಡುಕಿ ಹೋಗಿ ಕೊಲ್ಲುವ ಕಸುವು ಅವಕ್ಕೆ ಇರುವುದಿಲ್ಲವಂತೆ. ಗಾಯದಿಂದ ಸೋರುವ ನೀರಿನ ಜೊತೆ, ರೋಗಾಣುವನ್ನು ತಡೆಯುವ ಪ್ರತಿಕಾಯಗಳೂ ಸೋರಿ ಹೋಗುತ್ತವೆ. ಸತ್ತ ಚರ್ಮದೊಳಗೆ ರಕ್ತ ಹರಿಯದ ಕಾರಣ ನರಕ್ಕೆ ಕೊಟ್ಟ ಔಷಧ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕೇ ಅದನ್ನು ಬೇಗ ಕೊಯ್ದು ತೆಗೆದು ತೊಡೆಯ ಚರ್ಮ ಹಚ್ಚಿದರು. ನಿಮಗೆ ಏನೂ ಮಾಡದ, ಹೂವಿನ ನೀರಿನಲ್ಲಿರುವ ರೋಗಾಣು ನನ್ನನ್ನು ಮುಗಿಸಬಹುದಿತ್ತು. ನೀವು ತಿರುಗಿ ಹೋದದ್ದೇ ನನಗೆ ಮಾಡಿದ ದೊಡ್ಡ ಉಪಕಾರ.

ರಕ್ತ ಕೊಟ್ಟ ಗೋಕುಲ ರೋಡಿನ ವರ್ಕ್‌ಶಾಪ್ ಗೆಳೆಯರು, ಬಿಲ್ಲಿನ ಓಡಾಟ ಹೊತ್ತ ಅಣ್ಣ, ಕಿಲೋ ತೂಕಕ್ಕೆ 1.5ರಿಂದ 2 ಗ್ರಾಂ ಪ್ರೊಟೀನ್ ಬೇಕೆಂದಾಗ ಮೊಟ್ಟೆ ಮುಟ್ಟದ ಮನೆಯಲ್ಲಿ ದಿನಾ ಮೊಟ್ಟೆ ಕುದಿಸಿ ಕಳಿಸಿದ ವೈನಿ, ಡ್ರೆಸ್ಸಿಂಗ್ ಮಾಡಿದ ಸಿಸ್ಟರ್‌ಗಳು, ಎಲ್ಲರ ಋಣ ನನ್ನ ಮೇಲಿದೆ.

ಇನ್ನು ಚಿಗವ್ವ.

ಒಳಗೆ ಒಬ್ಬರೇ ಇರಬೇಕು, ಕೈಮೇಲೆ ಬಳೆ ಇರಬಾರದು, ಅದರ ಸಂದಿಯಲ್ಲಿ ರೋಗಾಣು ಕೂರುತ್ತವೆ ಅಂದರು. ಮುತ್ತೈದೆ ಹೆಣ್ಣುಮಗಳು ಬರಿಗೈಯಲ್ಲಿ ಇರುವುದೆಂದರೆ ಏನು ಅಂತ ನಮ್ಮವರಿಗೆ ಹೇಳಬೇಕಿಲ್ಲ. ಅಣ್ಣ ಬೇರೆ ಯಾರನ್ನಾದರೂ ಕರೆಸೋಣ ಅನ್ನುವಷ್ಟರಲ್ಲಿ ಆಕೆ ಕೈಗೆ ಸಾಬೂನು ಹಚ್ಚಿ ಒಂದೊಂದೇ ಹಸಿರು ಬಳೆ ಜಾರಿಸಿ ತೆಗೆದು ಎಲೆಯಡಿಕೆ ಚಂಚಿಯಲ್ಲಿ ಇಟ್ಟುಕೊಂಡಿದ್ದಳು. "ಬಳಿ ಏನಪಾ, ಮತ್ತ ಇಡಿಸಿಕೊಳ್ಳಾಕ ಬರ್ತೈತಿ" ಅಂದಳಂತೆ. ಮಣಿಕಟ್ಟಿನ ಸುತ್ತ ಬಳೆ ಇದ್ದಲ್ಲಿ ಚರ್ಮ ಬೆಳ್ಳಗಿತ್ತು. 61 ದಿನ ನಾನು ಕಣ್ಣು ತೆರೆದಾಗಲೆಲ್ಲ ಕಂಡದ್ದು ಆ ಬರಿಗೈ.

ಹನ್ನೊಂದನೆಯ ರಾತ್ರಿ ನನಗೆ ನೆನಪಿಲ್ಲ. ಪಟ್ಟಿಯ ಮೇಲೆ ತಿಳಿಹಸಿರು ಕಲೆ ಕಂಡು ಎರಡು ದಿನವಾಗಿತ್ತು. ಸ್ಯೂಡೊಮೊನಾಸ್ ಅನ್ನುವ ರೋಗಾಣು ಇರಬಹುದೆಂದು ಪರೀಕ್ಷೆಗೆ ಕಳಿಸಿದ್ದರು. ಜ್ವರ ದಿನದಂತೆ 101. ಆದರೆ ಎರಡು ಗಂಟೆಯ ಹೊತ್ತಿಗೆ ನಳಿಕೆಯಲ್ಲಿ ಕೊಟ್ಟದ್ದು ಹೊಟ್ಟೆಗೆ ಇಳಿಯದೆ ತಿರುಗಿ ಬಂತು, ನಾನು ಚಿಗವ್ವನಿಗೆ "ನೀರು ಕೊಡ್ರಿ" ಅಂದೆ. ಆಕೆ ಎದ್ದು ಓಡಿದಳು. "ಸಿಸ್ಟರ್, ಜ್ವರದ ಮಾತ ಬಿಡ್ರಿ. ಇವ ನನಗ ರೀ ಅನ್ನಾಕತ್ಯಾನ. ಮಾತು ಬಂದಾಗಿಂದ ನೀ ಅಂದಂವ. ಏನೋ ಆಗೇತ್ರಿ." ಒಮ್ಮೆ ಹೇಳಿದ್ದಕ್ಕೆ ಆಗಲಿಲ್ಲ, ಮೂರು ಸಲ ಹೋದಳು. ಡ್ಯೂಟಿ ಡಾಕ್ಟರು ಬಂದು ನೋಡಿದಾಗ ಬಿಪಿ ಇಳಿದಿತ್ತು, ಸಕ್ಕರೆ ಏರಿತ್ತು. ಪ್ಲೇಟ್‌ಲೆಟ್ಟೂ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ನಂಜು ರಕ್ತಕ್ಕೆ ಏರಿತ್ತು. ಬೆಳಕು ಹರಿಯುವುದರೊಳಗೆ ಔಷಧ ಬದಲಾಯಿತು. ದೊಡ್ಡ ಸುಟ್ಟಗಾಯದವರ ಮೈ ಯಾವಾಗಲೂ ಕಾದೇ ಇರುತ್ತದೆ, ಜ್ವರವೊಂದನ್ನೇ ನಂಬಿ ಕೂರಲಾಗದು, ಮಾತು ಮತ್ತು ಹೊಟ್ಟೆ ಮೊದಲು ಹೇಳುತ್ತವೆ ಅಂತ ಡಾಕ್ಟರು ಅಣ್ಣನಿಗೆ ತಿಳಿಸಿದರು.

ಆ ರಾತ್ರಿ ನಾನು "ಸಾಕ್ರಿ, ನನ್ನ ಬಿಟ್ಟುಬಿಡ್ರಿ" ಅಂತಲೂ ಅಂದಿದ್ದೆನಂತೆ. ಈ ಮಾತು ಗೊತ್ತಾದದ್ದು ಮೊನ್ನೆ, ಅಣ್ಣನಿಂದ. ಚಿಗವ್ವ ಇಷ್ಟು ದಿನ ಅದನ್ನು ನನಗೆ ಹೇಳಿಲ್ಲ. ಹೆತ್ತವಳಲ್ಲ, ಆದರೂ ಅದನ್ನು ಕೇಳಿಸಿಕೊಂಡು ಒಬ್ಬಳೇ ಕೂತಿದ್ದಳು. ಬರೆಯುತ್ತಿದ್ದರೆ ಕೈ ನಡುಗುತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತೇನೆ.

ಗಾಯ ಮಾಯ್ದಿದೆ. ಒಳಗಿನ ಕಾವಲು ಸರಿಯಾಗಲು ವರ್ಷಗಳೇ ಹಿಡಿಯುತ್ತವಂತೆ. ಹೋದ ಮಳೆಗಾಲದಲ್ಲಿ ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಮಲಗಿದ್ದೆ. ಕೆಮ್ಮು ನೆಗಡಿ ಇದ್ದವರು ಫೋನ್ ಮಾಡಿರಿ, ಮನೆಗೆ ಬಂದಷ್ಟೇ ಸಂತೋಷ.

ನನ್ನನ್ನು ಮನೆಗೆ ಕಳಿಸಿದ ದಿನವೇ ಚಿಗವ್ವ ದುರ್ಗದ ಬೈಲಿಗೆ ಹೋಗಿ ಬಳೆ ಇಡಿಸಿಕೊಂಡು ಬಂದಳು. ದುಡ್ಡು ನಾನು ಕೊಡುತ್ತೇನೆಂದರೆ ಕೇಳಲಿಲ್ಲ.

ಚಿಗವ್ವಾ, ಇದನ್ನು ತಮ್ಮ ನಿನಗ ಓದಿ ಹೇಳ್ತಾನ. ಮೊಳಕೈ ಹತ್ರ ಒಂದ ಕಡೆ ಮತ್ತ ಚರ್ಮ ಬಿರದೈತಿ. ಮುಚ್ಚಿಟ್ಟಿಲ್ಲ, ಡಾಕ್ಟರಿಗೆ ತೋರ್ಸೀನಿ. ಬುಧವಾರ ಡ್ರೆಸ್ಸಿಂಗ್ ಮುಗಿಸಿ ಸೀದಾ ನಿನ್ನ ಕಡೆನ ಬರ್ತೀನಿ.