ಪಿನ್ ಬಾಗಿದರೆ ಅಂತ ಕೇಳಿದ್ದಿ

ಬಳ್ಳಾರಿ,
ಶುಕ್ರವಾರ ರಾತ್ರಿ

ಚಿ. ತಮ್ಮನಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ಬಂದು ಎರಡು ದಿನ ಆಯ್ತು. ನೀನೇ ಜೋಡಿಸಬೇಕು ಅಂತಿರೋ ಕಂಪ್ಯೂಟರಿನ ಸಾಮಾನಿನ ಪಟ್ಟಿ, ಒಂದೊಂದರ ಮುಂದೆ ರೇಟು, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದೀ. ಆಮೇಲೆ ಕೆಳಗೆ ಬೇರೆ ಪೆನ್ನಲ್ಲಿ ಒಂದು ಸಾಲು. ಪ್ರೊಸೆಸರ್ ಕೂರೋ ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿದರೂ ಎಲ್ಲ ಹೋದಂಗೇ ಅಂತಾರೆ, ಆಗ ಅಪ್ಪನಿಗೆ ಏನು ಹೇಳ್ಲಿ ಅಂತ. ಪಟ್ಟಿಗೆ ಉತ್ತರ ಅರ್ಧ ಗಂಟೆಯಲ್ಲಿ ಬರೀಬಹುದಿತ್ತು. ಆ ಸಾಲಿಗೇ ತಡ ಆಯ್ತು.

ನೀನು ಗುರುತು ಹಾಕಿರೋದು ಎಎಂಡಿ ಕಂಪನಿಯ ಪ್ರೊಸೆಸರ್, ರೈಜನ್ 7500ಎಫ್, ಎಎಂ5 ಸಾಕೆಟ್. ಅದರ ಪ್ರೊಸೆಸರ್‌ಗೆ ಪಿನ್ನೇ ಇಲ್ಲ, ಹೊಟ್ಟೆ ಕೆಳಗೆ ಚಿನ್ನದ ಬಣ್ಣದ ಚುಕ್ಕಿಗಳು ಅಷ್ಟೆ. ಪಿನ್ ಇರೋದು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ, 1718. ಒಂದೊಂದೂ ಕೂದಲೆಳೆಯಂಥ ಸ್ಪ್ರಿಂಗು, ಎಲ್ಲ ಒಂದೇ ಕಡೆ ವಾಲಿಕೊಂಡು ನಿಂತಿರ್ತವೆ, ಗಾಳಿಗೆ ಬಾಗಿದ ಜೋಳದ ಹೊಲದ ಹಾಗೆ. ಪ್ರೊಸೆಸರ್ ಮೇಲೆ ಕೂತಾಗ ತಗ್ಗೋದೇ ಅವುಗಳ ಕೆಲಸ. ಅದಕ್ಕಿಂತ ಹಿಂದಿನ ಎಎಂ4ನಲ್ಲಿ ತಿರುಗುಮುರುಗು, 1331 ಪಿನ್ ಪ್ರೊಸೆಸರ್‌ನ ಹೊಟ್ಟೆಗೇ. ಇಂಟೆಲ್‌ನವರು 2004ರಲ್ಲೇ ಪಿನ್ನನ್ನು ಬೋರ್ಡಿಗೆ ದಾಟಿಸಿದ್ದರು, ಎಎಂಡಿ ಸಾದಾ ಕಂಪ್ಯೂಟರ್‌ಗಳಲ್ಲಿ 2022ರಲ್ಲಿ ದಾಟಿಸಿತು.

ಕೈ ನಡುಗಿದರೆ ಅಂತ ಬರೆದಿದ್ದೀ. ನಡುಗಿದ ಮಾತ್ರಕ್ಕೆ ಬಾಗಲ್ಲ ತಮ್ಮಾ. ಪ್ರೊಸೆಸರ್ ಕೈಜಾರಿ ಮೂಲೆ ಕೆಳಗಾಗಿ ಬಿದ್ದರೆ ಬಾಗ್ತದೆ. ಕೂರಿಸಿದ ಮೇಲೆ ಸರಿಯಾಗಿ ಕೂತಿಲ್ಲ ಅಂತ ಅತ್ತಿತ್ತ ಜರುಗಿಸಿದರೆ ಬಾಗ್ತದೆ. ಧೂಳು ಕೂತಿದೆ ಅಂತ ಬಟ್ಟೆಯಲ್ಲಿ ಒರೆಸೋಕೆ ಹೋದರೆ ಒಂದು ಎಳೆ ಸಿಕ್ಕಿ ಸಾಲಿಗೆ ಸಾಲೇ ಎದ್ದು ಬರ್ತದೆ. ಅಂಗಿ ತೋಳು ಮಡಚಿಕೊಂಡು ಕೂತ್ಕೊ, ಸಾಕೆಟ್ ತೆರೆದಿಟ್ಟು ಚಹಾಕ್ಕೆ ಎದ್ದು ಹೋಗಬೇಡ.

ಬೋರ್ಡನ್ನು ಅದರ ರಟ್ಟಿನ ಡಬ್ಬಿ ಮೇಲೇ ಇಟ್ಟು ಕೆಲಸ ಮಾಡು, ಕ್ಯಾಬಿನೆಟ್ ಒಳಗೆ ಆಮೇಲೆ. ಲಿವರ್ ಕೆಳಕ್ಕೊತ್ತಿ ಹೊರಗೆ ಸರಿಸಿ ಎತ್ತು, ಚೌಕಟ್ಟು ಎತ್ತು. ಅದಕ್ಕೆ ಅಂಟಿರೋ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೀಳಬೇಡ. ಪ್ರೊಸೆಸರನ್ನು ಎರಡು ಅಂಚಲ್ಲಿ ಹಿಡಿ. ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ ಇರ್ತದೆ, ಸಾಕೆಟ್ಟಿನಲ್ಲೂ ಅಂಥದೇ ಒಂದು. ಎರಡನ್ನೂ ಹೊಂದಿಸಿ ನೆಟ್ಟಗೆ ಇಳಿಸಿ ಬಿಡು, ಒತ್ತಬೇಡ. ಅಂಚಿನ ಕಚ್ಚುಗಳು ಕೂತವಾ ಅಂತ ಕಣ್ಣಲ್ಲೇ ನೋಡು, ಬೆರಳಲ್ಲಿ ಬೇಡ. ಚೌಕಟ್ಟು ಇಳಿಸಿ ಲಿವರ್ ಒತ್ತು. ಇಲ್ಲಿ ಜೋರು ಬೇಕಾಗ್ತದೆ, ಕಿರ್ರ್ ಅಂತ ಸದ್ದೂ ಬರ್ತದೆ. ಎಲ್ಲರೂ ಪಿನ್ ಮುರೀತು ಅಂದುಕೊಂಡು ಕೈ ಬಿಡೋದು ಇದೇ ಜಾಗದಲ್ಲಿ. ತ್ರಿಕೋನ ಸರಿ ಇದ್ದರೆ ಮುಂದುವರಿಸು, ಕಪ್ಪು ಮುಚ್ಚಳ ತಾನೇ ಟಪ್ ಅಂತ ಹಾರಿ ಬೀಳ್ತದೆ.

ಇಷ್ಟು ಬರೆಯೋಕೆ ನನಗೇನು ಹಕ್ಕು ಅಂತ ಒಂದು ಕಡೆ ಅನಿಸ್ತದೆ. ಕಂಪ್ಯೂಟರ್ ಲ್ಯಾಬಿನಲ್ಲಿದ್ದಾಗ, ಪೆಂಟಿಯಂ 4 ಕಾಲ, 478 ಪಿನ್ನಿನ ಪ್ರೊಸೆಸರ್. ಪ್ರೊಸೆಸರ್‌ಗೂ ಅದನ್ನು ತಣ್ಣಗಿಡೋ ಕೂಲರಿಗೂ ನಡುವೆ ಹಚ್ಚೋ ಪೇಸ್ಟ್ ಒಣಗಿ ಗಟ್ಟಿಯಾಗಿತ್ತು. ಕೂಲರ್ ನೇರ ಎತ್ತಿದೆ, ಪ್ರೊಸೆಸರೂ ಅದಕ್ಕೆ ಅಂಟಿಕೊಂಡೇ ಎದ್ದು ಬಂತು, ಲಿವರ್ ಹಾಕಿದ್ದ ಹಾಗೇ. ಒಂದು ಮೂಲೆಯ ಪಿನ್ನುಗಳು ಮಲಗಿಬಿಟ್ಟಿದ್ದವು. ವಾಪಸ್ ಇಟ್ಟು ಸುಮ್ಮನಾದೆ. ಮಾರನೇ ದಿನ ಆ ಮಷೀನ್ ಮುಂದೆ ಕೂತ ಹುಡುಗನಿಂದ ದಂಡ ಕಟ್ಟಿಸಿದರು. ನಾನು ಅಲ್ಲೇ ನಿಂತಿದ್ದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ಹೋಗ್ಲಿ. ಬೆಲೆ ಕಡಿಮೆ ಅಂತ ನಾಳೆ ಎಎಂ4ನ 5600 ಪ್ರೊಸೆಸರ್‌ಗೆ ಮನಸ್ಸು ಬದಲಿಸಿದರೆ ಇದೊಂದು ನೆನಪಿಟ್ಕೊ. ಕೂಲರ್ ತೆಗೆಯೋ ಮುಂಚೆ ಮಷೀನನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿ ಮಾಡು, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಮುಚ್ಚಳ ತಿರುಗಿಸಿದ ಹಾಗೆ ಅತ್ತಿತ್ತ ತಿರುವಿ ಸಡಿಲಾದ ಮೇಲೆ ಎತ್ತು. ಎಎಂ5ನಲ್ಲಿ ಮೇಲೆ ಚೌಕಟ್ಟು ಹಿಡಿದಿರೋದರಿಂದ ಪ್ರೊಸೆಸರ್ ಎದ್ದು ಬರೋ ಮಾತೇ ಇಲ್ಲ.

ಪಟ್ಟಿಯಲ್ಲಿ 7500ಎಫ್ ತೆಗೆದು 7600 ಹಾಕು. ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇದ್ದರೆ ತಪ್ಪು ಗ್ರಾಫಿಕ್ಸ್ ಕಾರ್ಡಿನದೋ ಬೋರ್ಡಿನದೋ ತಿಳಿಯೋದು ಹೇಗೆ? 7600 ಇದ್ದರೆ ಕಾರ್ಡ್ ಬಿಚ್ಚಿಟ್ಟು ಬೋರ್ಡಿಗೇ ಮಾನಿಟರ್ ಚುಚ್ಚಿ ನೋಡಬಹುದು. ಇಲ್ಲದಿದ್ದರೆ ನೀನು ರಾತ್ರಿಯೆಲ್ಲ ಪಿನ್ನಿನ ಮೇಲೇ ಅನುಮಾನ ಪಡ್ತೀ. 7600ರ ಡಬ್ಬಿಯಲ್ಲೇ ಕೂಲರ್ ಬರ್ತದೆ, ಪೇಸ್ಟ್ ಹಚ್ಚಿದ್ದೇ ಇರ್ತದೆ, ಮುಟ್ಟಬೇಡ. ಅದನ್ನು ಕೂರಿಸೋಕೆ ಸಾಕೆಟ್ಟಿನ ಎರಡೂ ಬದಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಅರ್ಧರ್ಧ ಸುತ್ತು ಬಿಗಿಸು, ಒಂದನ್ನೇ ಪೂರ್ತಿ ಬಿಗಿಸಿದರೆ ಕೂಲರ್ ಓರೆಯಾಗಿ ಕೂರ್ತದೆ.

ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಕೊಡೋ ಡಬ್ಬಿ, ಪುಕ್ಕಟೆ ಅಂತ ಬರೆದಿದ್ದೀಯಲ್ಲ, ಅದು ಬೇಡವೇ ಬೇಡ. ಪಿನ್ ಬಾಗಿದರೆ ಒಂದು ಬೋರ್ಡು ಹೋಗಬಹುದು, ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಕಾರ್ಡು, ಬೋರ್ಡು ಎಲ್ಲವನ್ನೂ ಜೊತೆಗೆ ಕರಕೊಂಡು ಹೋಗ್ತದೆ. 5060 ಗ್ರಾಫಿಕ್ಸ್ ಕಾರ್ಡ್ 145 ವಾಟ್, ಪ್ರೊಸೆಸರ್ ಹೆಚ್ಚೆಂದರೆ 88, ಉಳಿದದ್ದೆಲ್ಲ ಸೇರಿ 300 ವಾಟ್ ಆಸುಪಾಸು. ಕಾರ್ಡಿನವರು 550 ಸಾಕು ಅಂತಾರೆ, ನೀನು ಒಳ್ಳೇ ಹೆಸರಿನ, ಬ್ರಾಂಜ್ ದರ್ಜೆಯ 650 ವಾಟಿನದು ತಗೊ. ಸಿಪಿಯು ಕೇಬಲ್ 4+4 ಆಗಿ ಸೀಳಿರ್ತದೆ, ಕಾರ್ಡಿನದು 6+2. ಎರಡೂ ಎಂಟೇ ಪಿನ್, ನೋಡೋಕೂ ಒಂದೇ ಥರ. ಬದಲಾಯಿಸಿ ಒತ್ತಿ ಕೂರಿಸಿದರೆ 12 ವೋಲ್ಟ್ ಗ್ರೌಂಡಿಗೆ ಶಾರ್ಟ್. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಯಾರಾದರೂ ಕೊಟ್ಟರೆ ಅದನ್ನೂ ಹಾಕಬೇಡ, ಎಸ್‌ಎಂಪಿಎಸ್ ಕಡೆಯ ತುದಿಯ ಜೋಡಣೆ ಒಂದೊಂದರಲ್ಲಿ ಒಂದೊಂದು ಥರ.

ರ್‍ಯಾಮ್ 32 ಜಿಬಿದು ಒಂದೇ ಬರೆದಿದ್ದೀ, 16ರದು ಎರಡು ತಗೊ, ಡಿಡಿಆರ್5 6000. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕು. ಆಮೇಲೆ ಬಯೋಸ್‌ನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಮೆಮೊರಿಯ ಪೂರ್ತಿ ವೇಗಕ್ಕೆ ಎಕ್ಸ್‌ಪೋ ಆನ್ ಮಾಡದಿದ್ದರೆ 4800ರಲ್ಲೇ ಓಡ್ತಿರ್ತದೆ. ಡೇಟಾ ಇಡೋ ಎಸ್‌ಎಸ್‌ಡಿ ಮೇಲಿನ, ಬಿಸಿ ಎಳೆಯೋ ಹೀಟ್‌ಸಿಂಕ್ ಪ್ಯಾಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರ್ತದೆ, ಕಿತ್ತು ಹಾಕು. ಉಳಿದ ಪಟ್ಟಿ ಸರಿಯೇ ಇದೆ.

ಅಂಗಡಿಯ ಮಾತಿಗೆ ಬರ್ತೀನಿ, ನಿನ್ನ ಭಯಕ್ಕೆ ಅಲ್ಲೇ ಅರ್ಧ ಔಷಧ ಇದೆ. ಹೈದರಾಬಾದಿಗೆ ಹೋಗಿ ತಂದರೂ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಂದರೂ, ದುಡ್ಡು ಕೊಡೋ ಮುಂಚೆ ಬೋರ್ಡಿನ ಡಬ್ಬಿ ತೆಗೆಸಿ ಸಾಕೆಟ್ ತೋರಿಸೋಕೆ ಹೇಳು. ನಾಚ್ಕೋಬೇಡ. ಮೊಬೈಲ್ ಟಾರ್ಚನ್ನು ನೇರ ಮೇಲಿಂದ ಬಿಡಬೇಡ, ಪಕ್ಕದಿಂದ ತಗ್ಗಿಸಿ ಬಿಡು. ಪಿನ್ನಿನ ತುದಿಗಳು ಸಾಲಾಗಿ ಮಿಂಚ್ತವೆ. ಟಾರ್ಚ್ ಮೆಲ್ಲಗೆ ಸರಿಸಿದರೆ ಮಿಂಚೂ ಸಾಲಾಗೇ ಸರೀತದೆ. ಎಲ್ಲಾದರೂ ಒಂದು ಚುಕ್ಕಿ ಬೇರೆ ದಿಕ್ಕಿಗೆ ಮಿನುಗಿದರೆ, ಇಲ್ಲ ಕಪ್ಪಾಗಿ ಕಂಡರೆ, ಆ ಬೋರ್ಡ್ ಬೇಡ ಅನ್ನು. ಸರಿ ಇದ್ದರೆ ಫೋಟೊ ತೆಗೆದು, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸ್ಕೊ. ಬಾಗಿದ ಪಿನ್ನಿಗೆ ವಾರಂಟಿ ಕೊಡಲ್ಲ, ಗ್ರಾಹಕರ ಕೈಯಿಂದಾದ್ದು ಅಂತ ಬರೆದುಬಿಡ್ತಾರೆ.

ಮತ್ತೆ, ಬಾಗಿಯೇ ಬಿಟ್ಟರೆ? ಒಂದು ಪಿನ್ನಿಗೆ ಎಲ್ಲ ಹೋಗಲ್ಲ. ಆ 1718ರಲ್ಲಿ ಎಷ್ಟೋ ಪಿನ್ ಬರೀ ಕರೆಂಟಿಗೆ, ಗ್ರೌಂಡಿಗೆ, ಒಂದೇ ಕೆಲಸಕ್ಕೆ ಹತ್ತಾರು. ಹೆಚ್ಚಾಗಿ ಏನಾಗ್ತದೆ ಅಂದರೆ 32 ಜಿಬಿ ಹಾಕಿದ್ದು 16 ಅಂತ ತೋರಿಸ್ತದೆ, ಇಲ್ಲ ಒಂದು ಸ್ಲಾಟ್ ಕೆಲಸ ಮಾಡಲ್ಲ. ಬಾಗಿದ್ದು ಪಕ್ಕದ ಪಿನ್ನಿಗೆ ತಾಗಿದರೆ ಮಾತ್ರ ಕಷ್ಟ, ಹಾಗಾಗಿ ಕಣ್ಣಿಗೆ ಬಿದ್ದ ಮೇಲೆ ಆನ್ ಮಾಡಬೇಡ. ನೀನೇ ಸೂಜಿ ಹಿಡಿದು ಕೂರಲೂಬೇಡ. ಮೊಬೈಲ್ ಬೋರ್ಡ್ ರಿಪೇರಿ ಮಾಡೋರ ಹತ್ತಿರ ಮೈಕ್ರೋಸ್ಕೋಪ್, ಸಣ್ಣ ಚಿಮಟ ಎರಡೂ ಇರ್ತವೆ, ರಾಯಚೂರಲ್ಲೇ ಹುಡುಕಿದರೆ ಸಿಗ್ತಾರೆ. ಒಂದೇ ಸಲ, ಮೆಲ್ಲಗೆ ಎತ್ತಿಸು. ಎರಡು ಮೂರು ಸಲ ಹಿಂದೆ ಮುಂದೆ ಮಾಡಿದರೆ ಮುರೀತದೆ.

ನನಗೆ ನಿಜವಾಗಿ ಭಯ ಇರೋದು ನಿಮ್ಮ ಮನೆ ಅರ್ಥಿಂಗಿನದು. ಹೋದ ಬೇಸಿಗೆಯಲ್ಲಿ ಫ್ರಿಜ್ ಮುಟ್ಟಿದರೆ ಜುಮ್ ಅಂತಿತ್ತಲ್ಲ, ಎಲ್ಲರೂ ನಕ್ಕು ಸುಮ್ಮನಾದಿರಿ. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರಿಂದ ಸುಮಾರು 115 ವೋಲ್ಟ್ ಕ್ಯಾಬಿನೆಟ್ ತಗಡಿಗೆ ಬರ್ತದೆ. ಕರೆಂಟ್ ಅಲ್ಪ, ಸಾಯಿಸಲ್ಲ, ಆದರೆ ಕಾರ್ಡ್ ಹಾಕುವಾಗ, ಎಚ್‌ಡಿಎಂಐ ಚುಚ್ಚುವಾಗ ಚಿಟ್ ಅಂದು ಪೋರ್ಟ್ ಸುಟ್ಟೀತು. ಎಲೆಕ್ಟ್ರಿಷಿಯನ್‌ಗೆ ಹೇಳಿ ಮಲ್ಟಿಮೀಟರ್‌ನಲ್ಲಿ ನೋಡಿಸು: ಫೇಸಿಗೂ ಅರ್ಥಿಗೂ 230ರ ಹತ್ತಿರ, ನ್ಯೂಟ್ರಲ್‌ಗೂ ಅರ್ಥಿಗೂ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಅರ್ಥಿಂಗಿನ ಉಪ್ಪು ಇದ್ದಲಿನ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿಹೋಗ್ತದೆ, ವಾರಕ್ಕೊಂದು ಕೊಡ ನೀರು ಹಾಕು. ಶಕ್ತಿನಗರದ ವಿದ್ಯುತ್ ಸ್ಥಾವರ ಮಗ್ಗುಲಲ್ಲೇ ಇದ್ದರೂ ಕರೆಂಟ್ ಹೋಗಿ ಬರೋದು ತಪ್ಪಿದ್ದಲ್ಲ, 1000 ವಿಎ ಯುಪಿಎಸ್ ಒಂದು ಇರಲಿ. ಆಟ ಆಡೋಕಲ್ಲ, ಆಫ್ ಮಾಡೋಕೆ.

ಗಾಜಿನ ಮುಖದ ಕ್ಯಾಬಿನೆಟ್ ಚೆಂದ ಕಾಣ್ತದೆ, ಒಪ್ತೀನಿ. ಮೇ ತಿಂಗಳಲ್ಲಿ ಆ ಮೇಲಿನ ಕೋಣೆಯಲ್ಲಿ ಕೂತು ನೋಡು. ಮುಂದೆ ಜಾಲರಿ ಇರೋದು ತಗೊ, ಎರಡು ಫ್ಯಾನ್ ಮುಂದಿನಿಂದ ಒಳಗೆ, ಒಂದು ಹಿಂದಿನಿಂದ ಹೊರಗೆ. ಬೇಸಿಗೆಯಲ್ಲಿ ಬಯೋಸ್‌ನ ಇಕೋ ಮೋಡಿನಲ್ಲಿ ಪ್ರೊಸೆಸರನ್ನು 45 ವಾಟಿಗೆ ಇಳಿಸು, ಆಟದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಬ್ಲೋವರ್‌ನಲ್ಲಿ ಧೂಳು ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡ್ಕೊ, ತಿರುಗೋಕೆ ಬಿಡಬೇಡ.

ಇನ್ನು ಮೊದಲ ಸಲದ ಆನ್. ಇದನ್ನು ಎರಡು ಸಲ ಓದು. ಎಎಂ5 ಬೋರ್ಡ್ ಮೊದಲ ಸಲ ಹೊಸ ರ್‍ಯಾಮನ್ನು ಪರೀಕ್ಷೆ ಮಾಡ್ಕೊಳ್ತದೆ. ಫ್ಯಾನ್ ತಿರುಗ್ತಿರ್ತವೆ, ಪರದೆ ಕಪ್ಪು, ಬೋರ್ಡಿನ ಮೇಲೆ ಡ್ರ್ಯಾಮ್ ಅಂತ ಬರೆದ ದೀಪ ಹತ್ತಿರ್ತದೆ. ಕೆಲವು ನಿಮಿಷ ಹಾಗೇ ಇರ್ತದೆ. ಆಗ ನಿನಗೆ ಪಿನ್ನೇ ನೆನಪಾಗ್ತದೆ ಅಂತ ನನಗೆ ಗೊತ್ತು. ಸ್ವಿಚ್ ಮುಟ್ಟಬೇಡ, ಪ್ರೊಸೆಸರ್ ಬಿಚ್ಚಬೇಡ. ಚೆನ್ನಾಗಿ ಕೂತ ಪ್ರೊಸೆಸರನ್ನು ಅನುಮಾನಕ್ಕೆ ಬಿಚ್ಚಿ, ಆಗ ಪಿನ್ ಬಾಗಿಸಿಕೊಂಡವರೂ ಇದ್ದಾರೆ. ಗಡಿಯಾರ ನೋಡಿ ಹದಿನೈದು ನಿಮಿಷ ಕಾಯಿ. ಆಮೇಲೂ ದೀಪ ಆರದಿದ್ದರೆ ಪ್ಲಗ್ ಕಿತ್ತು, ರ್‍ಯಾಮ್ ಒಂದನ್ನೇ ಎರಡನೇ ಸ್ಲಾಟಿನಲ್ಲಿ ಕಟಕ್ ಅನ್ನೋವರೆಗೆ ಒತ್ತಿ ನೋಡು. ಹೊಸಬರದು ಹೆಚ್ಚಾಗಿ ಅದೇ ತಪ್ಪು, ಅರ್ಧ ಕೂತಿರ್ತದೆ.

ಏನೇ ಆದರೂ ಅಪ್ಪನಿಗೆ ಅವತ್ತೇ ಹೇಳಿಬಿಡು. ಬೇಕಾದರೆ ನಾನು ಮಾತಾಡ್ತೀನಿ, ರಾತ್ರಿ ಹನ್ನೊಂದರವರೆಗೆ ಎಚ್ಚರ ಇರ್ತೀನಿ.

ಅತ್ತೆ

ಮರೆತಿದ್ದೆ: ಹಾರಿ ಬಿದ್ದ ಆ ಕಪ್ಪು ಮುಚ್ಚಳ ಎಸೀಬೇಡ, ಬೋರ್ಡಿನ ಡಬ್ಬಿಯಲ್ಲೇ ಇಡು. ವಾರಂಟಿಗೆ ಕಳಿಸುವಾಗ ಅದಿಲ್ಲದೆ ತಗೊಳ್ಳಲ್ಲ.