ಇಲಾಖೆಯ ಪುನರ್ರಚನೆಗೆ ಮೌನ ಸಮ್ಮತಿ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ವನ್ಯಜೀವಿ ಮತ್ತು ಉದ್ಯಾನ ಇಲಾಖೆ ಹುಟ್ಟಿದ್ದು 1987ರಲ್ಲಿ, ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಮೀನು-ಬೇಟೆ ಆಯೋಗವನ್ನೂ ಉದ್ಯಾನ ಪ್ರಾಧಿಕಾರವನ್ನೂ ಒಂದುಗೂಡಿಸಿದಾಗ. 2011ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ವಾಣಿಜ್ಯ ಇಲಾಖೆಯಲ್ಲಿದ್ದ ಪ್ರವಾಸೋದ್ಯಮ ವಿಭಾಗವನ್ನು ತಂದು ಇದಕ್ಕೆ ಸೇರಿಸಿದರು. 2021ರಲ್ಲಿ ಗವರ್ನರ್ ಲಾರಾ ಕೆಲ್ಲಿ ಅದನ್ನು ಬಿಡಿಸಿ ವಾಣಿಜ್ಯ ಇಲಾಖೆಗೇ ಮರಳಿಸಿದರು. ಇಬ್ಬರಲ್ಲಿ ಯಾರ ತೀರ್ಮಾನ ಸರಿ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಎರಡೂ ಆದದ್ದು ಗವರ್ನರ್ ಆದೇಶದ ಮೂಲಕ ಎಂಬುದು ಗಮನಿಸಬೇಕಾದ ಸಂಗತಿ.

ಕಾನ್ಸಾಸ್ ರಾಜ್ಯದ ಸ್ವಂತ ಸಂವಿಧಾನದ ಪ್ರಕಾರ, ಇಂಥ ಆದೇಶ ಶಾಸನಸಭೆಗೆ ತಲುಪಿದ 60 ದಿನಗಳೊಳಗೆ, ಅಧಿವೇಶನ ಮುಗಿಯುವ ಮೊದಲೇ, ಎರಡು ಸದನಗಳ ಪೈಕಿ ಯಾವುದಾದರೂ ಒಂದು ತನ್ನ ಚುನಾಯಿತ ಸದಸ್ಯರ ಬಹುಮತದಿಂದ ಅದನ್ನು ತಿರಸ್ಕರಿಸದಿದ್ದರೆ, ಮುಂದಿನ ಜುಲೈ 1ರಿಂದ ಅದಕ್ಕೆ ಕಾನೂನಿನ ಬಲ ಬರುತ್ತದೆ. ಒಂದೇ ಸದನ ತಡೆಯಬಹುದೆಂಬುದು ಸಣ್ಣ ಅಧಿಕಾರವೇನಲ್ಲ. ಆದರೆ ಜಾರಿಗೆ ಬರಲು ಯಾವ ಸದಸ್ಯರೂ ಕೈ ಎತ್ತಬೇಕಿಲ್ಲ. ನಾಳೆ ಏನಾದರೂ ಎಡವಟ್ಟಾದರೆ, ‘ನಾನು ಒಪ್ಪಿರಲಿಲ್ಲ’ ಎಂದು ಎಲ್ಲರೂ ಜಾರಿಕೊಳ್ಳಬಹುದು.

ವನ್ಯಜೀವಿ ಇಲಾಖೆಯ ಮಟ್ಟಿಗೆ ಈ ಸಡಿಲು ಅಪಾಯಕಾರಿ, ಏಕೆಂದರೆ ಅದರ ಹಣ ಸಾಮಾನ್ಯ ಖಜಾನೆಯ ಹಣದಂತಲ್ಲ. ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ 1937ರ ಕೇಂದ್ರ ಕಾಯಿದೆ, ಬೇಟೆ ಪರವಾನಗಿಯ ಶುಲ್ಕವನ್ನು ವನ್ಯಜೀವಿ ಆಡಳಿತವಲ್ಲದೆ ಬೇರೆ ಯಾವುದಕ್ಕೂ ಬಳಸಬಾರದೆಂಬ ಷರತ್ತು ಹಾಕಿದೆ. ಮುರಿದರೆ ಅನುದಾನಕ್ಕೇ ಕುತ್ತು. ಒಂದೇ ಕಚೇರಿಯ ಪ್ರಚಾರ ಅಧಿಕಾರಿ ಬೆಳಿಗ್ಗೆ ಬೇಟೆ ನಿಯಮಗಳ ಕೈಪಿಡಿಯ ಕರಡು ತಿದ್ದಿ, ಮಧ್ಯಾಹ್ನ ಪ್ರವಾಸಿಗರಿಗಾಗಿ ಜಾಹೀರಾತು ಬರೆದರೆ, ಆ ದಿನದ ಸಂಬಳ ಯಾವ ಲೆಕ್ಕಕ್ಕೆ? ಇಲಾಖೆಗಳನ್ನು ಕೂಡಿಸುವ ಆದೇಶದಲ್ಲಿ ಹುದ್ದೆ, ಕಡತ, ಆಸ್ತಿಗಳ ವರ್ಗಾವಣೆಯನ್ನು ಒಂದು ವಾಕ್ಯದಲ್ಲಿ ಮುಗಿಸಬಹುದು. ಇಂಥ ಪ್ರಶ್ನೆಗೆ ಉತ್ತರ ಸಿಗುವುದು ಸಮಿತಿಯ ಮುಂದೆ ಅಧಿಕಾರಿಯನ್ನು ಕೂರಿಸಿ ಕೇಳಿದಾಗ ಮಾತ್ರ.

ಗವರ್ನರ್‌ಗಳ ಕೈ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಆಡಳಿತ ನಡೆಸುವವರಿಗೆ ಇಲಾಖೆಗಳನ್ನು ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಬೇಕು. ಆದರೆ 60 ದಿನಗಳ ಗಡುವಿನೊಳಗೆ ಎರಡೂ ಸದನಗಳ ಸಮಿತಿಗಳು ಬಹಿರಂಗ ವಿಚಾರಣೆ ನಡೆಸಲಿ, ಪರವಾನಗಿ ಹಣದ ಪ್ರತ್ಯೇಕ ಲೆಕ್ಕವನ್ನು ಮುಂಚಿತವಾಗಿ ತರಿಸಿಕೊಳ್ಳಲಿ, ತಿರಸ್ಕಾರದ ನಿರ್ಣಯ ಬಿದ್ದುಹೋಗುವುದು ಖಚಿತವಿದ್ದರೂ ಅದನ್ನು ಮತಕ್ಕೆ ಹಾಕಿ ಪ್ರತಿಯೊಬ್ಬರ ನಿಲುವನ್ನು ದಾಖಲಿಸಲಿ. ಪುನರ್ರಚನೆಯಾದ ಒಂದು ವರ್ಷದ ಬಳಿಕ ಇಲಾಖೆಯ ಕಾರ್ಯದರ್ಶಿ ಅದೇ ಸಮಿತಿಗಳ ಮುಂದೆ ಬಂದು, ಉಳಿತಾಯವೆಂದು ಹೇಳಿದ್ದರಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕ ಕೊಡಲಿ.

ಇಂತಿ,
ಒಬ್ಬ ಓದುಗ