ಆ ಕಪ್ಪು ವೈರು ತೋರಿಸಿದವರಿಗೆ

ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು ನೋಡಿ. ಎಲೆಕ್ಟ್ರಿಕ್ ಗಿಟಾರಿಗೆ ನಾನೇ ಪೀಜೋ ಪಿಕಪ್ (ತಂತಿಯ ಕಂಪನದ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೂರಿಸಿ, ಅದರಿಂದ ಅಕೌಸ್ಟಿಕ್ ದನಿ ಬಂತೆಂದು ಬೀಗಿದ್ದು ಎರಡೇ ದಿನ. ಆಮೇಲೆ ಆ ಸಂಕೇತಕ್ಕೆ ಬಲ ಕೊಡುವ ಪ್ರಿಆಂಪಿಗೆ ಹಾಕಿದ 9 ವೋಲ್ಟ್ ಬ್ಯಾಟರಿಗಳೆಲ್ಲ ಖಾಲಿ. ಗಿಟಾರ್ ಮೂಲೆಯಲ್ಲಿ ಸುಮ್ಮನೆ ನಿಂತಿದ್ದರೂ! ಪ್ರಿಆಂಪೇ ಕೆಟ್ಟಿದೆ ಎಂದು ಶಪಿಸುತ್ತಿದ್ದೆ.

ನೀವು ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕಪ್ಪು ವೈರಿನ ಮೇಲೆ ಬೆರಳಾಡಿಸುತ್ತ ಕೇಬಲ್ ಚುಚ್ಚುವ ಜ್ಯಾಕಿನವರೆಗೆ ಹೋದಿರಿ. “ಇದು ಸ್ಲೀವಿಗಲ್ಲ, ರಿಂಗಿಗೆ ಹೋಗಬೇಕು” ಎಂದಿರಿ, ಅಷ್ಟೇ. ಎರಡೂ ಜ್ಯಾಕಿನೊಳಗಿನ ಬೇರೆ ಬೇರೆ ಸಂಪರ್ಕಗಳು, ಸ್ಲೀವ್ ಗ್ರೌಂಡಿನದು. ಸ್ಟೀರಿಯೋ ಜ್ಯಾಕಿಗೆ ಮಾಮೂಲಿ ಮೋನೋ ಪ್ಲಗ್ ತೂರಿಸಿದರೆ ಅದರ ಲೋಹದ ಮೈ ರಿಂಗನ್ನೂ ಸ್ಲೀವನ್ನೂ ಬೆಸೆಯುತ್ತದೆ, ಬ್ಯಾಟರಿ ಚಾಲೂ. ಕೇಬಲ್ ಕಿತ್ತರೆ ಬಂದ್. ಜ್ಯಾಕೇ ಸ್ವಿಚ್ಚು! ನಾನೋ ನೇರ ಗ್ರೌಂಡಿಗೆ ಬೆಸುಗೆ ಹಾಕಿ ಅದನ್ನು ನಂದಾದೀಪ ಮಾಡಿಟ್ಟಿದ್ದೆ.

ಮೂರನೇ ತಂತಿಯ ದನಿ ಕ್ಷೀಣವಾಗಿದ್ದದ್ದನ್ನು ನಾನು ಹೇಳುವ ಮೊದಲೇ ಹಿಡಿದಿರಿ. ಆ ತಂತಿಯನ್ನು ಹೊರುವ, ಪೀಜೋ ಅಡಗಿರುವ ಸ್ಯಾಡಲ್‌ನ ಎಳೆಯಂಥ ವೈರು ಅದರಡಿಯಲ್ಲೇ ಸಿಕ್ಕಿಕೊಂಡು ಸ್ಯಾಡಲ್ ಓರೆಯಾಗಿ ಕೂತಿತ್ತು. ಪೀಜೋಗೆ ಗೊತ್ತಾಗುವುದೇ ಒತ್ತಡ, ಅದೇ ಸರಿಯಾಗಿ ಬೀಳದಿದ್ದರೆ ದನಿ ಎಲ್ಲಿಂದ ಬರಬೇಕು?

ನನ್ನ ಬೆಸುಗೆ ನೋಡಿ ನೀವು ನಕ್ಕಿದ್ದು ಮಾತ್ರ ನೆನಪಿದೆ. ನಗುವ ಹಾಗೇ ಇತ್ತು ಬಿಡಿ. ಅಂದು ನೀವು ಹಾಕಿಕೊಟ್ಟ ಬ್ಯಾಟರಿಯೇ ಇನ್ನೂ ಓಡುತ್ತಿದೆ. ತುಂಬಾ ಧನ್ಯವಾದ.